ಖಾಲಿ ಬಿಟ್ಟ ಖಾನೆ

ಟೊರುನ್ ಮೊಂಡು ಹೆಂಗಸು. ಅವಳ ಮುಖಕ್ಕೇ ಹೇಳಿದ್ದೇನೆ, ಬರೆಯಲು ಅಂಜಿಕೆ ಏನು? ನಾರ್ವೆಯ ಪಡುವಣ ತೀರದ ನಮ್ಮ ದ್ವೀಪದಲ್ಲಿ ಪುರಸಭೆಯ ಕಂಪ್ಯೂಟರು, ಪ್ರಿಂಟರುಗಳನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವಳು. ಕೆಟ್ಟ ಪ್ರಿಂಟರನ್ನು ಬೈದು ಬೈದೇ ಸರಿಮಾಡುತ್ತಿದ್ದಳು. ನಾನು ಇಲ್ಲಿನ ನರ್ಸ್. ಬೆಳಿಗ್ಗೆ ಎಂಟಕ್ಕೆ ಕಚೇರಿಯಲ್ಲಿ ಕೂತು, ಮೂವತ್ತೊಂದು ಮಂದಿ ವಯಸ್ಸಾದವರ ಮುಖವನ್ನು ಪರದೆಯಲ್ಲಿ ನೋಡಿ, ಔಷಧ ತೆಗೆದುಕೊಂಡರೇ ಎಂದು ವಿಚಾರಿಸುತ್ತೇನೆ. ಅದಕ್ಕೆ ಬೇಕಾದ ಟ್ಯಾಬ್ಲೆಟ್ ಕಂಪ್ಯೂಟರನ್ನು ಅವರ ಮನೆಮನೆಗೆ ಕೊಂಡೊಯ್ದು ಕೊಟ್ಟು, ಬಳಸುವುದನ್ನು ಕಲಿಸಿದವಳು ಟೊರುನ್.

ನಮ್ಮ ಪುರಸಭೆಯನ್ನು ಆಚೆ ದಡದ ಪಟ್ಟಣಕ್ಕೆ ಸೇರಿಸಿದಾಗ ನಾವು ಬೇಡವೆಂದು ಮತ ಹಾಕಿದ್ದೆವು. ಕೇಳುವವರಿರಲಿಲ್ಲ. ಸಾಧನಗಳ ಪಟ್ಟಿಯಿಂದ ನಮ್ಮ ಹೆಸರು ಅಳಿಸಿಹೋಯಿತು. ಪ್ರತಿ ಟ್ಯಾಬ್ಲೆಟ್ಟಿನ ಎದುರು ‘ಯಾವ ಸಂಸ್ಥೆಗೆ ಸೇರಿದ್ದು’ ಎಂಬ ಖಾನೆ ಖಾಲಿಯಾಯಿತು. ಅಲ್ಲಿ ಪಟ್ಟಣದ ಹೆಸರು ತುಂಬಬೇಕಿತ್ತು.

ಆ ವಾರ, ನನ್ನ ಮೂವತ್ತೊಂದು ಮಂದಿಯಲ್ಲೊಬ್ಬರಾದ ಗುನ್ವೋರ್ ಟೀಚರ ಅಡುಗೆಮನೆಯಲ್ಲಿ ನಾವು ಮೂವರು ವಾಫಲ್ ತಿನ್ನುತ್ತಿದ್ದೆವು: ನಾನು, ಟೊರುನ್, ಅವಳ ಮೇಲಧಿಕಾರಿ ಒಡ್ವಾರ್. ಒಡ್ವಾರ್ ದ್ವೀಪದವನೇ. ಟೊರುನ್ ಜೊತೆ ಒಂದೇ ಬೆಂಚಿನಲ್ಲಿ ಕೂತು, ಇದೇ ಟೀಚರ ಹತ್ತಿರ ಬೈಸಿಕೊಂಡು ಓದಿದವನು.

"ಇನ್ಮುಂದೆ ಇದ್ರ ಮೇಲೂ ಅವ್ರ ಹೆಸರೇ ಬರುತ್ತೇನೋ?" ಟೀಚರ್ ತಮ್ಮ ಟ್ಯಾಬ್ಲೆಟ್ ತೋರಿಸಿ ಕೇಳಿದರು.

"ನಾನಿರೋವರ್ಗೂ ಬರಲ್ಲ ಟೀಚರ್," ಎಂದ ಒಡ್ವಾರ್, ಬಾಯಿತುಂಬ ಕಂದು ಚೀಸ್ ಇಟ್ಟುಕೊಂಡು. "ಟೊರುನ್, ಖಾನೆ ಖಾಲಿ ಬಿಡು. ಯಾರಾದ್ರೂ ಕೇಳಿದ್ರೆ ನಾನ್ ನೋಡ್ಕೋತೀನಿ."

ಟೀಚರ್ ಅವನ ತಟ್ಟೆಗೆ ಇನ್ನೊಂದು ವಾಫಲ್ ಹಾಕಿದರು. ಎಂಥ ಬುದ್ಧಿಗೇಡಿತನ ಎಂದು ಈಗ ಅನ್ನಿಸುತ್ತದೆ. ಅವತ್ತು ನಾನೂ ಚಪ್ಪಾಳೆ ತಟ್ಟಿದ್ದೆ. ಹೆಸರಿಲ್ಲದ ಟ್ಯಾಬ್ಲೆಟ್‌ಗಳು ನಾಲ್ಕು ವರ್ಷ ಚೆನ್ನಾಗಿಯೇ ನಡೆದವು.

ಅಷ್ಟರಲ್ಲಿ ಒಡ್ವಾರ್ ಪಟ್ಟಣದಲ್ಲಿ ದೊಡ್ಡ ಕುರ್ಚಿ ಹತ್ತಿದ. ಹೋದ ಚಳಿಗಾಲದ ಮೊದಲು ಅಲ್ಲಿಗೆ ಎಐ ಸಹಾಯಕವೊಂದು ಬಂತು. ಬಾಯಿಮಾತಿನಲ್ಲಿ ಕೇಳಿದರೆ ಸಾಕು, ಪಟ್ಟಿಯನ್ನೆಲ್ಲ ಜಾಲಾಡಿ ಹೇಳುತ್ತದೆ. ಒಡ್ವಾರ್ ಟೊರುನ್‌ಗೆ ಫೋನ್ ಮಾಡಿದ.

"ಯಾವ ಸಂಸ್ಥೆಗೂ ಸೇರದ ಸಾಧನ ಎಷ್ಟಿವೆ ಅಂತ ಅದನ್ನ ಕೇಳಿ, ಪಟ್ಟಿ ನಂಗೆ ಕಳ್ಸು."

"ನಮ್ಮವೂ ಸಿಕ್ಕಿಬೀಳ್ತವಲ್ಲೋ."

"ಬರೀ ಪಟ್ಟಿ ಮಾರಾಯ್ತಿ. ಶುಕ್ರವಾರ ಇಬ್ರೂ ಕೂತು ಸರಿ ಮಾಡೋಣ. ನನ್ ಮೇಲೆ ನಂಬ್ಕೆ ಇಲ್ವಾ?"

ಇತ್ತು. ಅದೇ ಅವಳ ಗ್ರಹಚಾರ. ಅವಳು ಕೇಳಿದಳು, ಸಹಾಯಕ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೂವತ್ತೊಂದನ್ನೂ ಹೆಕ್ಕಿ ತೆಗೆಯಿತು. ‘ಇವನ್ನು ಲಾಕ್ ಮಾಡಲೇ?’ ಎಂದು ಮರ್ಯಾದೆಯಿಂದ ವಿಚಾರಿಸಿತು ಕೂಡ. ಬೇಡ, ಪಟ್ಟಿ ಮಾತ್ರ ಸಾಕು ಎಂದಳು. ಅದು ಅವಳ ಮಾತು ಮೀರಲಿಲ್ಲ. ಪಟ್ಟಿ ಒಡ್ವಾರ್‌ಗೆ ಹೋಯಿತು.

ಬುಧವಾರ ಎಂಟಕ್ಕೆ ನಾನು ಕೂತರೆ ಮೂವತ್ತೊಂದು ಪರದೆಯೂ ಕಪ್ಪು. ಗುನ್ವೋರ್ ಟೀಚರ ಕಣ್ಣು ಮಂಜು. ಇನ್ಸುಲಿನ್ ಪೆನ್ನಿನ ಅಂಕಿಯನ್ನು ಪರದೆಗೆ ಹಿಡಿದು, ನಾನು ಸರಿ ಎಂದ ಮೇಲೇ ಚುಚ್ಚಿಕೊಳ್ಳುವವರು. ಫೋನ್ ಮಾಡಿ, ಕಾಯಿರಿ ಎಂದು ಹೇಳಿ, ಕಾರು ಓಡಿಸಿದೆ. ಪೆನ್ನನ್ನು ಹದಿನಾಲ್ಕು ಯೂನಿಟ್ಟಿಗೆ ಬದಲು ನಲವತ್ತಕ್ಕೆ ತಿರುಗಿಸಿಟ್ಟುಕೊಂಡು ಕೂತಿದ್ದರು. ಚುಚ್ಚಿಕೊಂಡಿದ್ದರೆ ಪ್ರಾಣಕ್ಕೇ ಕುತ್ತು; ಪೆನ್ನು ಇಸಿದುಕೊಂಡು ನಾನೇ ಸರಿಮಾಡಿದೆ.

ಪರದೆ ಕಪ್ಪಾದದ್ದರ ಬಗ್ಗೆ ಮಧ್ಯಾಹ್ನ ಪಟ್ಟಣದಲ್ಲಿ ಸಭೆ, ಟೊರುನ್ ಜೊತೆ ನನ್ನನ್ನೂ ಕರೆಸಿದ್ದರು. ಶುಕ್ರವಾರಕ್ಕೆ ಕಾಯದೆ, ವಾರಸುದಾರರಿಲ್ಲದ ಸಾಧನಗಳೆಂದು ಅವನ್ನು ಲಾಕ್ ಮಾಡಿಸಿದ್ದು ಒಡ್ವಾರ್ ಎಂದು ಅಲ್ಲೇ ಗೊತ್ತಾಯಿತು.

"ಖಾನೆ ಯಾಕೆ ಖಾಲಿ ಇತ್ತು ಅಂತ ನಂಗೇನ್ ಗೊತ್ತು? ಟೊರುನ್‌ನ ಕೇಳಿ," ಎಂದ, ಅವಳ ಕಡೆ ನೋಡದೆ.

ನಾನು ಸುಮ್ಮನಿರಲಿಲ್ಲ. "ಖಾಲಿ ಬಿಡು ಅಂದಿದ್ದು ನೀನಲ್ವೇನೋ? ವಾಫಲ್ ತಿಂತಾ?"

"ಬರಹದಲ್ಲಿ ಏನಾದ್ರೂ ಇದ್ಯಾ?"

ಇರಲಿಲ್ಲ. ಜೊತೆಗೆ ಓದಿದವನು ಆಡಿದ ಮಾತನ್ನು ನಮ್ಮ ದ್ವೀಪದಲ್ಲಿ ಯಾರೂ ಬರೆಸಿಕೊಳ್ಳುವುದಿಲ್ಲ. ಸಾಧನಗಳ ಕೆಲಸವನ್ನು ಟೊರುನ್ ಕೈಯಿಂದ ತೆಗೆದರು. ತೆಗೆಯುವ ಮುನ್ನ ಖಾನೆ ತುಂಬಿ ಲಾಕ್ ಬಿಡಿಸು ಎಂದರು.

ಸಹಾಯಕಕ್ಕೆ ಹೇಳಿದ್ದರೆ ಒಂದೇ ಏಟಿಗೆ ತುಂಬುತ್ತಿತ್ತು. ಟೊರುನ್ ತಾನೇ ಕೂತು ಪಟ್ಟಣದ ಹೆಸರನ್ನು ಮೂವತ್ತೊಂದು ಸಲ ಬರೆದಳು.

ಮರುದಿನ ಇಬ್ಬರೂ ಟೀಚರ ಮನೆಗೆ ಹೋದೆವು. ಟ್ಯಾಬ್ಲೆಟ್ಟಿನ ಪರದೆ ಬೆಳಗಿತು, ಪಟ್ಟಣದ ಹೆಸರು ದೊಡ್ಡದಾಗಿ ಬಂತು. ಟೀಚರ್ ಅದನ್ನು ಮೂಗಿನ ಹತ್ತಿರ ಹಿಡಿದು ಅಕ್ಷರ ಅಕ್ಷರ ಓದಿದರು.

"ನಿನ್ ಕೈಯಿಂದ್ಲೇ ಬರೆದ್ಯಾ?"

"ಹೂಂ ಟೀಚರ್."

"ಒಡ್ವಾರ್‌ಗೆ ಒಂದ್ ಮಾತು ಹೇಳ್ಬೇಕಿತ್ತು ಕಣೇ. ಅವ್ನು ಹೀಗಾಗೋಕೆ ಬಿಡ್ತಿರ್ಲಿಲ್ಲ."

ನಾನು ಬಾಯಿ ತೆರೆದೆ. ಟೊರುನ್ ಮೇಜಿನಡಿ ನನ್ನ ಕಾಲು ತುಳಿದಳು. ಟೀಚರ್ ಇಬ್ಬರಿಗೂ ಕಾಫಿ ಕೊಟ್ಟರು. ವಾಫಲ್ ಡಬ್ಬಿ ಮೇಜಿನ ಮೇಲೇ ಇತ್ತು. ಟೀಚರ್ ಅದರ ಮುಚ್ಚಳ ತೆಗೆಯಲಿಲ್ಲ.