ಡಿಲೀಟ್ ಆಯ್ತು ಬುಡಿ

ಚನ್ನಪಟ್ಟಣದ ಹೆದ್ದಾರಿ ಬದಿಯ ಬೊಂಬೆ ಅಂಗಡಿಗಳ ನಡುವೆ ಒಬ್ಬ ಫೋಟೊಗ್ರಾಫರರ ಸ್ಟುಡಿಯೊ. ನಮ್ಮ ಕಡೆಯ ಮದುವೆಗಳಿಗೆಲ್ಲ ಅವರೇ ಬರುತ್ತಿದ್ದರು. ತೆಗೆದ ಫೋಟೊಗಳೆಲ್ಲ ಕ್ಲೌಡಿಗೆ ಏರುವವರೆಗೆ ಊಟಕ್ಕೆ ಕೂರುತ್ತಿರಲಿಲ್ಲ. ಕೊನೆಯ ಪಂಕ್ತಿ ಎದ್ದರೂ ಕನ್ನಡಕ ಹಣೆಗೇರಿಸಿಕೊಂಡು ಲ್ಯಾಪ್‌ಟಾಪ್ ಮುಂದೆ ನಿಂತಿರುತ್ತಿದ್ದರು. ಆಮೇಲೆ ಮದುವೆ ಮನೆಯವರ ಫೋನಿಗೆ ಫೋಟೊ ನೋಡುವ ಲಿಂಕ್ ಹೋಗುತ್ತಿತ್ತು.

ಮದುವೆಯಾದ ಮೇಲೆ ನೆಂಟರು ಮಾತು ಬಿಡುವುದು ನಮ್ಮಲ್ಲಿ ಮಾಮೂಲು. ಇಂಥವರ ಫೋಟೊ ಇರಕೂಡದು ಎಂದು ಯಾರಾದರೂ ಸ್ಟುಡಿಯೊಗೆ ಬರುತ್ತಿದ್ದರು. ಫೋಟೊಗ್ರಾಫರ್ ಕಾರಣ ಕೇಳುತ್ತಿರಲಿಲ್ಲ. ಕೀಲಿಮಣೆಯ ಗುಂಡಿಯೊಂದನ್ನು ಒತ್ತಿ, "ಡಿಲೀಟ್ ಆಯ್ತು ಬುಡಿ" ಎನ್ನುತ್ತಿದ್ದರು.

ತಾಂಬೂಲ ಯಾರಿಗೆ ಮೊದಲು ಕೊಟ್ಟರೆಂಬ ಜಗಳದಲ್ಲಿ ನನ್ನ ಚಿಕ್ಕಪ್ಪ ತನ್ನ ಮಗಳ ಮದುವೆಯ ಫೋಟೊಗಳಿಂದ ನಮ್ಮಪ್ಪನನ್ನು ಹಾಗೆ ತೆಗೆಸಿಹಾಕಿದ್ದ. ಅಪ್ಪ ತೀರಿಕೊಂಡಾಗ ತಿಥಿಗೆ ಇಡಲು ಒಳ್ಳೆಯ ಫೋಟೊ ಇರಲಿಲ್ಲ. ಚಿಕ್ಕಪ್ಪನೇ ನನ್ನನ್ನು ಸ್ಟುಡಿಯೊಗೆ ಕರೆದೊಯ್ದ.

"ಅಣ್ಣಂದು ಒಂದಾದ್ರೂ ಉಳ್ದೈತಾ?" ಎಂದು ಬಾಗಿಲಲ್ಲೇ ನಿಂತು ಕೇಳಿದ.

ಅವರು ಲ್ಯಾಪ್‌ಟಾಪ್ ಪರದೆಯನ್ನು ನಮ್ಮತ್ತ ತಿರುಗಿಸಿದರು. ಚಿಕ್ಕಪ್ಪನ ಹೆಗಲ ಮೇಲೆ ಕೈ ಹಾಕಿ ಅಪ್ಪ ನಗುತ್ತಿದ್ದ.

"ಡಿಲೀಟ್ ಆಯ್ತು ಅಂದಿದ್ರಲ್ಲಾ?" ಎಂದ ಚಿಕ್ಕಪ್ಪ.

"ನಿಮ್ ಫೋನ್‌ಗೆ ಕಾಣ್ದಂಗೆ ಮಾಡಿದ್ದೆ ಅಷ್ಟೇಯ," ಎಂದು ಅವರು ಕನ್ನಡಕ ಕಣ್ಣಿಗಿಳಿಸಿಕೊಂಡರು. "ಯಾವ ಸೈಜ್ ಬೇಕು?"