ಜೋಡಿ ಕೊಡಲಿಯ ತೂಕ

ಮಿತವಾಗಿ ಮಾತಾಡುವವನು, ಆಡಿದ ಮಾತಿಗೆ ತಪ್ಪದವನು, ಗಂಟುಗಂಟಾದ ಹಲಗೆಯನ್ನೂ ಬೈಯದವನು, ತಾನು ಮಾಡಿದ ಕುರ್ಚಿಯಲ್ಲಿ ಮೊದಲು ಪರರನ್ನು ಕೂರಿಸುವವನು, ಎದ್ದೊಡನೆ ದೇವರನ್ನು ನೆನೆದು ಆಮೇಲೆ ಕೊಡಲಿ ಮುಟ್ಟುವವನು, ಇಂಥ ಒಬ್ಬ ಬಡಗಿ. ಬಾಗಿಲ ಚೌಕಟ್ಟು ಕೂದಲೆಳೆಯಷ್ಟು ವಾಲಿದ್ದರೂ ಕಣ್ಣಳತೆಯಲ್ಲೇ ಹೇಳಿಬಿಡುತ್ತಿದ್ದನಾದ್ದರಿಂದ ಊರವರು ಅವನನ್ನು ಮಟ್ಟ ನೋಡುವ ಉಪಕರಣದ ಹೆಸರಿಟ್ಟು ರಸಮಟ್ಟ ಎಂದೇ ಕರೆದರು.

ಬೆಳಗಾದೊಡನೆ ಹಿತ್ತಲ ಅಂಗಳದಲ್ಲಿ ನಿಂತು, ಕೈಗೊಂದರಂತೆ ಕೊಡಲಿ ಹಿಡಿದು, ಬೆನ್ನ ಹಿಂದೆ ಇಳಿಸಿ, ಮೊಣಕಾಲ ಪಕ್ಕದಿಂದ ಎತ್ತಿ ಸುತ್ತು ತಿರುಗಿಸುವುದು ಅವನ ಮೂವತ್ತು ವರ್ಷದ ಸಾಮು. ಕಮ್ಮಾರನು ಒಂದೇ ತೂಕಕ್ಕೆ ಬಡಿದುಕೊಟ್ಟ ಅವಳಿ ಕೊಡಲಿಗಳವು. ನೂರು ಸುತ್ತು ಮುಗಿಯುವವರೆಗೂ ಎರಡೂ ಜೊತೆಯಲ್ಲೇ ಏಳಬೇಕು, ಜೊತೆಯಲ್ಲೇ ಇಳಿಯಬೇಕು.

ಆ ವರ್ಷ ಎಡಗೈಯ ಕೊಡಲಿ ಹಿಂದೆ ಬೀಳತೊಡಗಿತು. ನಲವತ್ತು ಸುತ್ತಾಗುವಷ್ಟರಲ್ಲಿ ತೋಳು ಸೋಲುವುದು. ಒಂದು ದಿನವಂತೂ ಕೊಡಲಿಯ ಮರದ ಕಾವು ಮೊಣಕಾಲಿಗೇ ತಾಗಿತು.

"ಏನ್ರೀ, ಕೊಡಲಿ ಬೀಸ್ತಿದೀರೋ, ಮಲಗಿಸಿ ಜೋಗುಳ ಹಾಡ್ತಿದೀರೋ?" ಎಂದು ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಕೇಳಿದಳು.

ಅವನು ನಗಲಿಲ್ಲ. ಗ್ರಂಥಾಲಯದ ಸುರುಳಿ ಮೆಟ್ಟಿಲು ಕಟ್ಟುವೆನೋ ಇಲ್ಲವೋ ಎಂದು ಅಂದೇ ಹೇಳಬೇಕಿತ್ತು. ಕೈ ಸೋತ ಬಡಗಿ ಏನೆಂದು ಒಪ್ಪಿಯಾನು? ಒಳಗೆ ಹತ್ತರಿ ಹಿಡಿದು ಹಲಗೆ ನಯಮಾಡುತ್ತಿದ್ದ ಮಗಳ ಬಳಿ ಹೋದನು.

"ಮೆಟ್ಟಿಲ ಕೆಲಸ ಬೇಡ ಅಂತ ಹೇಳಿಬಿಡ್ತೀನಿ, ಪುಟ್ಟಿ. ನನ್ನ ಎಡಗೈ ಮುಗೀತು."

"ಮುಗೀತಾ? ನಿನ್ನೆ ಅದೇ ಕೈಯಲ್ಲಿ ನನ್ನ ತಲೆಗೆ ಮೊಟಕಿದ್ಯಲ್ಲಪ್ಪ, ಇನ್ನೂ ಉರೀತಿದೆ! ಕೊಡಲಿ ಅದಲುಬದಲು ಮಾಡ್ಕೊಂಡು ಒಂದ್ಸಲ ಬೀಸು."

"ಮೂವತ್ತು ವರ್ಷದಲ್ಲಿ ಹಾಗೆ ಮಾಡಿಲ್ಲ."

"ಅದಕ್ಕೇ ಹೇಳ್ತಿರೋದು."

ಅವನು ಬದಲಿಸಿ ಬೀಸಿದನು. ಎಡಗೈ ಸರಾಗವಾಗಿ ಸುತ್ತಿತು. ನಲವತ್ತಕ್ಕೆ ಸೋತದ್ದು ಬಲಗೈ!

ಮಗಳು ಎರಡೂ ಕೊಡಲಿಗಳ ಬಾಯಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಮೊದಲು ಬಲಗೈಯಲ್ಲಿದ್ದುದು ಎರಡು ಬೆರಳಿನಷ್ಟು ಸವೆದಿತ್ತು.

"ಅಪ್ಪಾ, ಸಾಮಿನ ಕೊಡಲಿಗೆ ಸಾಣೆ ಯಾಕೆ?"

"ಮೊಂಡಾಗಿದ್ರೆ ಕೈ ಸುಮ್ನಿರಲ್ಲಮ್ಮ," ಎಂದನು, ತಪ್ಪಿತಸ್ಥನಂತೆ.

ವಾರಕ್ಕೊಮ್ಮೆ ಉಳಿಗಳಿಗೆ ಸಾಣೆ ಹಿಡಿಯುವಾಗ ಸಾಣೆಕಲ್ಲಿನ ಪಕ್ಕದ ಗೂಟದಲ್ಲಿ ತೂಗುತ್ತಿದ್ದ ಬಲಗೈಯ ಕೊಡಲಿಗೂ ಒಂದು ಸರದಿ ಸಿಗುತ್ತಿತ್ತು. ಬಾಗಿಲಾಚೆಯ ಗೂಟದಲ್ಲಿದ್ದ ಅದರ ಅವಳಿ ಕಮ್ಮಾರ ಕೊಟ್ಟ ತೂಕದಲ್ಲೇ ಉಳಿದು ಎಡಗೈಗೆ ಹೆಚ್ಚು ಭಾರವಾಗಿತ್ತು. ವಯಸ್ಸಾಗಿದ್ದುದೇನೋ ನಿಜ; ಆದರೆ ಅದು ಎರಡು ತೋಳಿಗೂ ಸಮನಾಗಿ ಬಂದಿತ್ತು. ತನ್ನ ಅಕ್ಕರೆಯೇ ಒಂದು ಕಡೆಗೆ ವಾಲಿದ್ದುದನ್ನು ಅವನ ಕಣ್ಣಳತೆ ಕಂಡಿರಲಿಲ್ಲ.

"ಊರ ಬಾಗಿಲಿಗೆಲ್ಲ ವಾಲಿದೆ ಅಂತ ತಪ್ಪು ಹುಡುಕೋ ರಸಮಟ್ಟ!" ಎಂದು ಹೆಂಡತಿ ಕಿಟಕಿಯಿಂದ ನಕ್ಕಳು. ಈ ಸಲ ಅವನೂ ನಕ್ಕನು. ಸವೆದ ಕೊಡಲಿಯ ಕಾವಿಗೆ ಮಗಳು ತಂತಿ ಸುತ್ತಿ ತೂಕ ಸರಿಮಾಡುವಷ್ಟರಲ್ಲಿ ಅವನು ಅಂಗಿ ತೊಟ್ಟು, ಮೆಟ್ಟಿಲು ಕಟ್ಟಲು ಒಪ್ಪಿಗೆ ಹೇಳಲು ಹೊರಟಿದ್ದನು.

ಭಗವಂತನು ಅವನ ಎರಡು ತೋಳುಗಳನ್ನೂ ಸಮನಾಗಿ ಕಾಯಲಿ. ಮನೆಯಾಕೆಯ ನಾಲಗೆ ಸಾಣೆಯಿಲ್ಲದೆಯೇ ಹರಿತವಾಗಿರಲಿ. ಅಪ್ಪನೊಡನೆ ಮಗಳು ಕೂಡಿಸುವ ಮೆಟ್ಟಿಲುಗಳು ಹತ್ತುವವರನ್ನೆಲ್ಲ ಸುಖವಾಗಿ ಏರಿಸಲಿ, ಇಳಿಸಲಿ. ಆ ಅಂಗಳದಲ್ಲಿ ಬೆಳಗೆಂಬುದು ಎಂದಿಗೂ ತಪ್ಪದಿರಲಿ.