ಕೆಟ್ಟಿರದ ಹಾರ್ಡ್ ಡಿಸ್ಕ್

ಆ ಹಾರ್ಡ್ ಡಿಸ್ಕ್ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಹೇಳಿದವಳು ನಾನು. ಹತ್ತು ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಕೇಳಿದಾಗ ಅವಳ ಮುಖ ನೋಡಿಕೊಂಡೇ ಹೇಳಿದೆ. ಅವಳ ತೀರಿಹೋದ ತಾಯಿ ಅದರೊಳಗೆ ನಗುತ್ತಿದ್ದಳು, ಮಾತಾಡುತ್ತಿದ್ದಳು — ಅದನ್ನು ನಾನು ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಕಣ್ಣಾರೆ ಕಂಡಿದ್ದೆ.

ಆ ಹುಡುಗಿ ಅಕ್ಷತಾ, ನನ್ನ ಗಂಡನ ಮೊದಲ ಹೆಂಡತಿಯ ಮಗಳು. ತಾಯಿ ಶೈಲಾ ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಮರಳಲಿಲ್ಲ. ಅದಾಗಿ ಒಂದೆರಡು ವರ್ಷಕ್ಕೆ ನಾನು ಬೈರಿದೇವರಕೊಪ್ಪದ ಆ ಮನೆಗೆ ಮದುವೆಯಾಗಿ ಬಂದೆ. ಎರಡು ಸಾವಿರದ ಇಸವಿ ದಾಟಿ ಕೆಲ ವರ್ಷಗಳಾಗಿದ್ದವು. ನನಗೆ ಮೂವತ್ತು ಮೀರಿತ್ತು. ಹುಬ್ಬಳ್ಳಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಗಂಡ ಮಲ್ಲಿಕಾರ್ಜುನ ಗಬ್ಬೂರ ಬೈಪಾಸಿನ ಬಳಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವರ ಸ್ವಭಾವವೇ ಹಾಗೆ ಎಂದುಕೊಂಡಿದ್ದೆ.

ಅಕ್ಷತಾ ನನ್ನನ್ನು ಆಂಟಿ ಎನ್ನುತ್ತಿದ್ದಳು. ಹೇಳಿದ್ದು ಕೇಳುತ್ತಿದ್ದಳು, ಬಡಿಸಿದ್ದು ಉಣ್ಣುತ್ತಿದ್ದಳು. ತಲೆ ಬಾಚಲು ಹೋದರೆ ಮಾತ್ರ ತಾನೇ ಬಾಚಿಕೊಳ್ಳುತ್ತೇನೆಂದು ಬಾಚಣಿಗೆ ಇಸಿದುಕೊಳ್ಳುತ್ತಿದ್ದಳು. ರವಿವಾರ ಮಧ್ಯಾಹ್ನ ತಂದೆ ಮಗಳು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕಂಪ್ಯೂಟರಿನೆದುರು ಕೂರುತ್ತಿದ್ದರು. ಶೈಲಾ ಇದ್ದಾಗ ತೆಗೆದ ವಿಡಿಯೋ, ಫೋಟೋಗಳನ್ನೆಲ್ಲ ಆ ಡಿಸ್ಕಿಗೆ ಹಾಕಿಸಿಟ್ಟಿದ್ದರು. ಸಣ್ಣ ಇಟ್ಟಿಗೆಯಷ್ಟು ದಪ್ಪ, ಕರೆಂಟಿಗೆ ಒಂದು ವೈರು, ಕಂಪ್ಯೂಟರಿಗೆ ಒಂದು ವೈರು. ಮೂಲ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾಗಿದ್ದವು, ಉಳಿದದ್ದು ಇದೊಂದೇ. ನಾನು ಅಡುಗೆಮನೆಯಲ್ಲಿರುತ್ತಿದ್ದೆ. ಒಳಗೆ ಬರಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಷತಾ ಶಾಲೆಗೆ ಹೊರಟವಳು ಹಿಂದಿರುಗಿ ಬಂದು ನನ್ನ ಪಕ್ಕ ನಿಂತಳು. ಹಿಂದಿನ ದಿನ ಒಬ್ಬಳೇ ನೋಡಲು ಹೋಗಿದ್ದಾಗ ಡಿಸ್ಕ್ ಕೈಜಾರಿ ಚಾಪೆಯ ಮೇಲೆ ಬಿದ್ದಿತಂತೆ. ಆಮೇಲೆ ಎಷ್ಟು ಹಚ್ಚಿದರೂ ಕಂಪ್ಯೂಟರಿನಲ್ಲಿ ಕಾಣಿಸಲೇ ಇಲ್ಲವಂತೆ. "ನೀವು ಕಂಪ್ಯೂಟರ್ ಕಲಸ್ತೀರಲ್ರಿ, ಆಂಟಿ. ಪಪ್ಪಾಗ ಹೇಳಬ್ಯಾಡ್ರಿ," ಅಂದಳು. ಅವಳು ತಾನಾಗಿ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಸರಿಮಾಡಿ ಇಟ್ಟಿರುತ್ತೇನೆ ಎಂದೆ. ಮನಸ್ಸಿಟ್ಟೇ ಹೇಳಿದ್ದೆ — ಆಗ.

ಮಧ್ಯಾಹ್ನ ಕೂತೆ. ಡಿಸ್ಕಿಗೆ ಕಿವಿಗೊಟ್ಟರೆ ಒಳಗೆ ತಿರುಗುವ ಸದ್ದು ಸರಾಗವಾಗಿತ್ತು. ದೀಪವೂ ಹತ್ತಿತ್ತು. ವೈರು ಬದಲಿಸಿದೆ. ಕಂಪ್ಯೂಟರಿನ ಮುಂದಿನ ಕಿಂಡಿ ಬಿಟ್ಟು ಹಿಂದಿನದಕ್ಕೆ ಹಚ್ಚಿ ನೋಡಿದೆ. ಪರದೆಯ ಮೇಲೆ ಅದರ ಸುಳಿವೇ ಇಲ್ಲ. ಕೊನೆಗೆ ಕಂಪ್ಯೂಟರಿಗೆ ಜೋಡಿಸಿದ ಡಿಸ್ಕುಗಳನ್ನೆಲ್ಲ ತೋರಿಸುವ ಜಾಗ ತೆರೆದೆ. ಅಲ್ಲಿ ಇತ್ತು! ಯಾವ ದೋಷವೂ ಇಲ್ಲದೆ ಇತ್ತು. ಕಂಪ್ಯೂಟರು ಪ್ರತಿ ಡಿಸ್ಕನ್ನೂ ಒಂದು ಅಕ್ಷರದಿಂದ ಗುರುತಿಸುತ್ತದೆ. ಇದಕ್ಕೆ ಅಕ್ಷರ ಸಿಕ್ಕಿರಲಿಲ್ಲ, ಅಷ್ಟೇ. ಹಿಂದಿನ ದಿನವೇ ನಾನು ಹಾಕಿಸಿದ್ದ, ಕ್ಯಾಮೆರಾ ಕಾರ್ಡ್ ಓದುವ ಹೊಸ ಸಾಧನ ಇದರ ಅಕ್ಷರವನ್ನು ಹಿಡಿದು ಕೂತಿತ್ತು. ಡಿಸ್ಕ್ ಬಿದ್ದದ್ದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಯಾರಿಂದಲಾದರೂ ಹೀಗಾಗಿದ್ದರೆ ಅದು ನನ್ನಿಂದ. ಬೇರೊಂದು ಅಕ್ಷರ ಕೊಟ್ಟೆ. ತೆರೆಯಿತು.

ಅಲ್ಲಿಗೆ ಎದ್ದುಬಿಡಬೇಕಿತ್ತು. ಏಳಲಿಲ್ಲ — ಒಂದು ವಿಡಿಯೋ ಹಚ್ಚಿದೆ.

ಶೈಲಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕ್ಯಾಮೆರಾ ಹತ್ತಿರ ಬಂದಂತೆ ಹಿಟ್ಟಿನ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು. "ಸಾಕ ಮಾಡ್ರಿ, ರೊಟ್ಟಿ ಸೀಯತೈತಿ," ಅಂದಳು. ಸೆರಗು ಹಿಡಿದು ನಿಂತಿದ್ದ ಪುಟ್ಟ ಅಕ್ಷತಾಳ ಬಾಯಿಗೆ ಬಿಸಿ ರೊಟ್ಟಿಯ ಚೂರನ್ನು ಊದಿ ಊದಿ ಇಟ್ಟಳು. ಕ್ಯಾಮೆರಾದ ಹಿಂದಿನಿಂದ ನನ್ನ ಗಂಡ ಏನೋ ಚೇಷ್ಟೆ ಮಾಡಿ ಗಟ್ಟಿಯಾಗಿ ನಗುತ್ತಿದ್ದರು. ಆ ನಗುವನ್ನು ನಾನು ಆ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹಾಗಾದರೆ ಮಾತು ಕಡಿಮೆ ಎನ್ನುವುದು ಅವರ ಸ್ವಭಾವವಲ್ಲ. ನನ್ನ ಜೊತೆ ಮಾತ್ರ —

ಗೇಟಿನ ಸದ್ದಾಯಿತು. ವೈರು ಕಿತ್ತೆ. ಅಕ್ಷತಾ ಚೀಲ ಇಳಿಸದೆಯೇ ಬಾಗಿಲಿಗೆ ಬಂದು, ಕಂಡಿತೇ ಎಂದು ಕೇಳಿದಳು.

"ಇಲ್ಲವ್ವಾ. ಕೆಟ್ಟ ಹೋಗೇತಿ. ಇನ್ನ ಬರಂಗಿಲ್ಲ."

ನನ್ನ ದನಿ ಎಷ್ಟು ಸಹಜವಾಗಿತ್ತೆಂದರೆ, ಕೇಳಿಸಿಕೊಂಡ ನನಗೇ ಭಯವಾಯಿತು. ಅವಳು ನಿಂತಲ್ಲೇ ನಿಂತು ಕೇಳಿದಳು.

"ನಾ ಕೆಡವಿದ್ದಕ್ಕೇನ್ರಿ?"

ನಾನು ಸುಮ್ಮನಿದ್ದೆ. ಸುಳ್ಳು ಹೇಳಿದ್ದಕ್ಕಿಂತ ಆ ಸುಮ್ಮನಿದ್ದದ್ದೇ ದೊಡ್ಡ ಅಪರಾಧ. ಅಲ್ಲ ಎನ್ನಲು ಒಂದೇ ಶಬ್ದ ಸಾಕಿತ್ತು. ಅವಳು ನನ್ನ ಮಡಿಲಿಗೆ ಬಿದ್ದು ಅತ್ತಳು, ಮಡಿಲಲ್ಲೇ ನಿದ್ದೆ ಹೋದಳು. ಎದ್ದಾಗ ನನ್ನನ್ನು ಅವ್ವಾ ಎಂದಳು. ಆ ಕರೆಗಾಗಿ ಎಷ್ಟು ಕಾದಿದ್ದೆ! ಅದು ಬಂದದ್ದು ಹೀಗೆ.

ಡಿಸ್ಕ್ ತಾನಾಗಿಯೇ ನಿಂತುಹೋಯಿತೆಂದು ಗಂಡನಿಗೆ ಹೇಳಿದೆ, ಮಗಳನ್ನು ಕಾಪಾಡಿದೆನೆಂದು ಒಳಗೊಳಗೇ ಬೀಗಿದೆ ಕೂಡ. ಹುಬ್ಬಳ್ಳಿಯಲ್ಲಿ ಯಾರಿಗಾದರೂ ತೋರಿಸು ಎಂದರು. ಚೀಲದಲ್ಲಿ ಒಯ್ದು, ಹಾಗೆಯೇ ತಂದು, ಸಾಧ್ಯವಿಲ್ಲವಂತೆ ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಅಂದು ಅಂಗಡಿಗೆ ರಜೆ ಇತ್ತು. ಆಮೇಲೆ ಆ ವಿಷಯ ಅವರು ಎತ್ತಲಿಲ್ಲ.

ಡಿಸ್ಕನ್ನು ಎಸೆಯಲಾಗಲಿಲ್ಲ. ನನ್ನ ಸೀರೆಗಳ ಕೆಳಗಿಟ್ಟೆ. ಯಾವತ್ತಾದರೂ ಸರಿಹೋಯಿತು ನೋಡು ಎಂದು ತೆಗೆದುಕೊಡಬಹುದಿತ್ತು. ಪ್ರತಿ ಸಲ ಅವಳು ಅವ್ವಾ ಎಂದಾಗ — ಇಂದು ಬೇಡ ಎನಿಸುತ್ತಿತ್ತು.

ಅಕ್ಷತಾ ಬೆಳೆದಳು. ಗಾಜಿನ ಲೋಟ ಮುಟ್ಟುತ್ತಿರಲಿಲ್ಲ. ನೆರೆಮನೆಯ ಕೂಸನ್ನು ಎತ್ತಿಕೊ ಎಂದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ನರ್ಸ್ ಆಗುವ ಆಸೆ ಇಟ್ಟುಕೊಂಡಿದ್ದವಳು ಪಿಯುಸಿಗೆ ಬಂದಾಗ ಕಾಮರ್ಸ್ ತೆಗೆದುಕೊಂಡಳು. ಯಾಕೆಂದು ತಂದೆ ಕೇಳಿದರೆ ನಕ್ಕು ಬಿಟ್ಟಳು. ನಾನು ಕೇಳಲಿಲ್ಲ. ಅವಳ ತಂದೆ ಹೃದಯಾಘಾತದಿಂದ ತೀರಿಹೋದರು, ಅವರಿಗೂ ಹೇಳಲಿಲ್ಲ. ಹೇಳಬಹುದಾದ ಮಧ್ಯಾಹ್ನಗಳು ಬೇಕಾದಷ್ಟಿದ್ದವು.

ಅವಳನ್ನು ಮದುವೆ ಮಾಡಿ ಧಾರವಾಡಕ್ಕೆ ಕೊಟ್ಟೆ. ಅಲ್ಲಿಯ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿತು. ನರ್ಸ್ ಕೂಸನ್ನು ಅವಳ ಕೈಗೆ ಕೊಡಲು ಬಂದಾಗ ಅವಳು ಗೋಡೆಗೆ ಒತ್ತಿಕೊಂಡಳು.

"ಅವ್ವಾ, ನೀ ಹಿಡ್ಕೋ. ನನ್ನ ಕೈಯಾಗ ಏನೂ ನಿಲ್ಲಂಗಿಲ್ಲ, ನಿನಗ ಗೊತ್ತೈತೆಲಾ."

ನನಗೆ ಗೊತ್ತಿತ್ತು. ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಮನೆಗೆ ಬಂದು ಡಿಸ್ಕ್ ಹೊರತೆಗೆದೆ. ಹೊಸ ಲ್ಯಾಪ್‌ಟಾಪಿಗೆ ಹಚ್ಚಿದೆ. ದೀಪ ಹತ್ತಿತು, ತಿರುಗಲು ಹೊರಟು ಟಕ್ ಟಕ್ ಎಂದು ನಿಂತಿತು. ವೈರು, ಕಿಂಡಿ, ಅಡಾಪ್ಟರ್ ಎಲ್ಲ ಬದಲಿಸಿದೆ. ಡಿಸ್ಕುಗಳನ್ನು ತೋರಿಸುವ ಜಾಗದಲ್ಲೂ ಏನೂ ಇಲ್ಲ. ಕೆಟ್ಟ ಡಿಸ್ಕಿನೊಳಗಿನದನ್ನು ತೆಗೆದುಕೊಡುವವರ ಬಳಿಗೂ ಕಳಿಸಿದೆ. ಇಷ್ಟು ವರ್ಷ ಮುಟ್ಟದೆ ಇಟ್ಟದ್ದರಿಂದ ಒಳಗಿನ ಭಾಗ ಬಿಗಿದುಕೊಂಡಿದೆ ಎಂದರು. ಕೆಲವು ಫೋಟೋ ಬಂದವು. ವಿಡಿಯೋ ಒಂದೂ ಬರಲಿಲ್ಲ.

ಆ ಫೋಟೋಗಳನ್ನು ಹಿಡಿದುಕೊಂಡು ಧಾರವಾಡಕ್ಕೆ ಹೋದೆ. ಕೂಸು ತೊಟ್ಟಿಲಲ್ಲಿ ಮಲಗಿತ್ತು. ಎಲ್ಲವನ್ನೂ ಹೇಳಿದೆ — ಅಕ್ಷರದ ವಿಷಯ, ಹೊಸ ಸಾಧನದ ವಿಷಯ, ನಾನೊಂದು ವಿಡಿಯೋ ನೋಡಿದ್ದು, ಅವಳ ತಪ್ಪು ಏನೂ ಇರಲಿಲ್ಲ ಎನ್ನುವುದು, ಅವಳು ಕೇಳಿದಾಗ ನಾನು ಬಾಯಿ ಬಿಡದೆ ಕೂತದ್ದು, ಈಗ ಈ ಫೋಟೋಗಳ ಹೊರತು ಏನೂ ಉಳಿದಿಲ್ಲ ಎನ್ನುವುದು. ಅವಳು ಬೈಯಲಿಲ್ಲ. ತನ್ನ ಎರಡೂ ಅಂಗೈಗಳನ್ನು ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಎದ್ದು ಹೋಗಿ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. ನನ್ನ ಕಡೆ ಬೆನ್ನು ಮಾಡಿ ನಿಂತೇ ಕೇಳಿದಳು.

"ಅದರಾಗ ಮಮ್ಮಿ ಏನ್ ಅಂತಿದ್ದಳು? ನನಗ ಆಕಿ ದನಿ ನೆನಪ ಇಲ್ಲ."

ಹೇಳಿದೆ. ರೊಟ್ಟಿ ಸೀಯುತ್ತದೆ ಎಂದದ್ದು, ಊದಿ ಊದಿ ಬಾಯಿಗಿಟ್ಟದ್ದು. ಅವಳ ತಾಯಿಯ ಮಾತು ನನ್ನ ಬಾಯಿಂದ ಬರುತ್ತಿರುವುದು ನನಗೇ ಅಸಹ್ಯವೆನಿಸಿತು. ಆದರೂ ಅವಳು ಇನ್ನೊಮ್ಮೆ ಹೇಳಿಸಿದಳು. ನಾನು ಹೊರಟಾಗ ಬಾಗಿಲವರೆಗೆ ಬರಲಿಲ್ಲ.

ಈಗ ಅಪರೂಪಕ್ಕೆ ಫೋನ್ ಮಾಡುತ್ತಾಳೆ. ಕುಶಲ ಕೇಳುವುದಿಲ್ಲ, ನನ್ನನ್ನು ಏನೆಂದೂ ಕರೆಯುವುದಿಲ್ಲ. ಅದೇ ವಿಡಿಯೋ ಕುರಿತು ಕೇಳುತ್ತಾಳೆ — ಸೀರೆ ಯಾವ ಬಣ್ಣದ್ದು, ಕೂದಲು ಕಟ್ಟಿದ್ದಳೇ, ಬಳೆ ಇದ್ದವೇ. ಮೊನ್ನೆ, ಮಮ್ಮಿ ತನ್ನನ್ನು ಹೆಸರು ಹಿಡಿದು ಕರೆದಳೇ ಎಂದು ಕೇಳಿದಳು. ಹೌದು ಎಂದುಬಿಟ್ಟರೆ ಅವಳಿಗೆ ಎಷ್ಟು ಸಮಾಧಾನವಾಗುತ್ತಿತ್ತೋ. ನನಗೂ ಆಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು.

ನೆನಪಿಲ್ಲ ಎಂದೆ.

ಅವಳು ಫೋನ್ ಇಟ್ಟಳು. ನಾನು ಕಂಡದ್ದು ಒಂದೇ ಮಧ್ಯಾಹ್ನ, ಒಂದೇ ತುಣುಕು. ಅವಳು ಎಷ್ಟು ಸಲ ಕೇಳಿದರೂ ಅಷ್ಟನ್ನೇ ಹೇಳುತ್ತೇನೆ, ಒಂದು ಶಬ್ದವನ್ನೂ ಕೂಡಿಸದೆ.